ಕಡಲಿಲ್ಲದ ಸೀಮೆಯ ಕಡಲು

ನಮ್ಮ ಸೀಮೆಯಲ್ಲಿ ಕಡಲಿಲ್ಲ. ಶ್ರೀರಂಗಪಟ್ಟಣವನ್ನು ಕಾವೇರಿ ಎರಡು ಕವಲಾಗಿ ಬಳಸಿ ಹರಿಯುತ್ತಾಳೆ, ಪಾಂಡವಪುರಕ್ಕೆ ನಾಲೆ ಇದೆ, ಕೆ.ಆರ್. ಪೇಟೆಗೆ ಹೇಮಾವತಿ ಇದ್ದಾಳೆ. ನಾಗಮಂಗಲದವರು ಮಳೆಯನ್ನೂ ಕೆರೆಯನ್ನೂ ನೆಚ್ಚಿಕೊಂಡು ಬಂದವರು. ಆದರೂ ಕನ್ನಂಬಾಡಿ ತುಂಬಿದಾಗ ಹಿನ್ನೀರಿನ ದಡದಲ್ಲಿ ನಿಂತವರ ಬಾಯಿಂದ ಬರುವ ಮಾತು ಒಂದೇ: 'ಸಮುದ್ರ ಇದ್ದಂಗದೆ.' ಹಾಗೆನ್ನುವವರಲ್ಲಿ ಎಷ್ಟೋ ಮಂದಿ ಸಮುದ್ರ ಕಂಡವರೇ ಅಲ್ಲ.

ನಮ್ಮ ಮನೆಗಳಿಗೆ ಕಡಲು ಬಂದದ್ದು ಹಜ್ಜಿಗೆ ಹೋಗಿ ಬಂದವರ ಮಾತಿನಲ್ಲಿ. ಮುಂಬಯಿಯಿಂದ ಜಿದ್ದಾಕ್ಕೆ ಹಡಗು ಹೋಗುತ್ತಿದ್ದ ಕಾಲವದು. ಆ ಹಡಗು 1995ರಲ್ಲಿ ನಿಂತಿತು. ಹೊರಡುವ ಮುನ್ನ ಹಿರಿಯರು ಸಾಲ ತೀರಿಸಿ, ಮನೆಮನೆಗೂ ಹೋಗಿ ಮಾಫಿ ಕೇಳುತ್ತಿದ್ದರು. ಹಿಂದಿರುಗಿದ ಮೇಲೆ ಅಲೆಗಳ ಚೆಲುವನ್ನು ಅವರು ಬಣ್ಣಿಸಿದ್ದು ನಮಗೆ ನೆನಪಿಲ್ಲ. ವಾಂತಿ, ತಲೆಸುತ್ತು, ರಾತ್ರಿಯ ಕತ್ತಲೆ, ನೆಲ ಕಂಡಾಗ ಉಕ್ಕಿದ ಅಳು, ಇಷ್ಟನ್ನೇ ಹೇಳುತ್ತಿದ್ದರು. ನಾವೋ ಹುಡುಗರು, ತಿಮಿಂಗಿಲ ಕಂಡಿತೇ ಎಂದು ಪೀಡಿಸುತ್ತಿದ್ದೆವು.

ದಡದಲ್ಲಿ ಕೂತವರ ಕಡಲೇ ಬೇರೆ, ಹಡಗಿನಲ್ಲಿದ್ದವರ ಕಡಲೇ ಬೇರೆ. ನಮ್ಮ ಪಟ್ಟಣದ ಚರಿತ್ರೆಯಲ್ಲೇ ಇದಕ್ಕೆ ಸಾಕ್ಷಿಯಿದೆ. ಟಿಪ್ಪು ಸುಲ್ತಾನ್ 1785ರಲ್ಲಿ ಗುಲಾಂ ಅಲಿ ಖಾನ್ ಮುಂದಾಳುತನದಲ್ಲಿ ತುರ್ಕಿಯ ದೊರೆಯ ಬಳಿಗೆ ರಾಯಭಾರ ಕಳಿಸಿದ. ಮರುವರ್ಷ ಮಾರ್ಚಿಯಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಸುಮಾರು 900 ಜನ ಹೊರಟರು. ಜೊತೆಯಲ್ಲಿದ್ದ ಖ್ವಾಜಾ ಅಬ್ದುಲ್ ಖಾದಿರ್ ಫಾರಸಿಯಲ್ಲಿ ದಿನಚರಿ ಬರೆದಿಟ್ಟ. ಕಡಲು ಹಡಗುಗಳನ್ನು ನುಂಗಿತು, ರೋಗ ಜನರನ್ನು ತಿಂದಿತು. ಬಹುಪಾಲು ಮಂದಿ ಮರಳಲಿಲ್ಲ.

ಸುಲ್ತಾನನ ಕನಸನ್ನು ಹಳಿಯುವುದು ಸುಲಭ, ನಾವು ಹಳಿಯಲಾರೆವು. ಒಳನಾಡಿನ ಕೋಟೆಯಲ್ಲಿ ಕೂತು, ಶತ್ರುವಿನ ಬಲವಿರುವುದು ನೀರಿನ ಮೇಲೆ ಎಂದು ಅರಿತವನು ಅವನು. 1796ರಲ್ಲಿ ನಲವತ್ತರಷ್ಟು ಯುದ್ಧನೌಕೆಗಳ ಪಡೆ ಕಟ್ಟಲು ಅಪ್ಪಣೆ ಮಾಡಿದ. ಅದು ಕೈಗೂಡುವ ಮೊದಲೇ 1799 ಬಂತು. ಆದರೆ ಈ ದೂರದೃಷ್ಟಿಯನ್ನು ಸಭೆಗಳಲ್ಲಿ ಕೊಂಡಾಡುವ ನಾವು, ತದಡಿಯಲ್ಲಿ ಹಡಗು ಹತ್ತಿದ ಸಿಪಾಯಿ, ಅಡುಗೆಯವ, ಆಳುಕಾಳುಗಳನ್ನು ಎಂದಾದರೂ ಲೆಕ್ಕಕ್ಕೆ ಹಿಡಿದಿದ್ದೇವೆಯೇ? ಅವರು ಕಡಲಿನ ಕನಸು ಕಂಡವರಲ್ಲ. ಇನ್ನೊಬ್ಬರು ಕಂಡ ಕನಸಿನೊಳಗೆ ಮುಳುಗಿದವರು.

ಬಿರುಗಾಳಿಯಲ್ಲಿ ದೇವರನ್ನು ಕೂಗಿ, ದಡ ಸೇರಿದೊಡನೆ ಮುಖ ತಿರುಗಿಸುವವರ ಮಾತನ್ನು ಕುರ್‌ಆನ್ ಮತ್ತೆ ಮತ್ತೆ ಎತ್ತುತ್ತದೆ. ಅದು ಪಾರಾಗಿ ಬಂದವರ ಮರೆವು. ದಡ ಬಿಟ್ಟು ಕದಲದೆ, ಹೋದವರನ್ನು ಮರೆತುಬಿಡುವ ನಮ್ಮ ಮರೆವನ್ನು ಏನೆನ್ನಬೇಕು?

ಈಗ ನಮ್ಮ ಹುಡುಗರು ಅದೇ ಜಿದ್ದಾಕ್ಕೆ ದುಡಿಯಲು ವಿಮಾನದಲ್ಲಿ ಹೋಗುತ್ತಾರೆ. ಕೆಳಗೆ ಕಡಲು ಕಂಡಿತೇನೋ ಎಂದು ಕೇಳಿದರೆ, 'ನಿದ್ದೆ ಬಂದ್‌ಬುಟ್ಟಿತ್ತು' ಎನ್ನುತ್ತಾರೆ. ಅವರ ಅಮ್ಮಂದಿರು ಮಾತ್ರ, ಇಳಿದೆ ಎಂದು ಫೋನು ಬರುವ ತನಕ ಮಲಗುವುದಿಲ್ಲ.