ಸ್ಮರಣೆ ಸಾಕೆ, ಪಹಣಿ ಬೇಕೆ?

ಗದಗ–ವಾಡಿ ರೈಲು ಮಾರ್ಗ ಕವಲೊಡೆಯುವುದು ತಳಕಲ್ಲಿನಲ್ಲಿ. 2025ರಲ್ಲಿ ಆ ದಾರಿಯ ಮೇಲೆ ಕುಷ್ಟಗಿಯವರೆಗೆ ರೈಲು ಓಡಿತು. ದಾರಿಗೆ ಹೋದದ್ದು ಒಕ್ಕಲುತನದ ಹೊಲ. ಇಂಥ ಯೋಜನೆಗಳ ವೇದಿಕೆಯಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಭೂಮಿ ಕೊಟ್ಟ ರೈತರ ತ್ಯಾಗವನ್ನು ಮರೆಯುವಂತಿಲ್ಲ. ಚಪ್ಪಾಳೆ ಬೀಳುತ್ತದೆ, ಭಾಷಣ ಮುಂದಕ್ಕೆ ಹೋಗುತ್ತದೆ. ಮರೆಯುವುದಿಲ್ಲ ಎಂದವರು ಏನು ಮಾಡಲು ಒಪ್ಪಿಕೊಂಡಂತಾಯಿತು? ಅದನ್ನು ಯಾರೂ ಕೇಳುವುದಿಲ್ಲ.

ಕೆನಡಾದಲ್ಲಿ ಅದನ್ನು ಕೇಳುವ ಕಾಲ ಬಂದಿದೆ. ಅಲ್ಲಿನ ಅನೇಕ ನಗರಸಭೆಗಳು ಕಲಾಪಕ್ಕೆ ಮುನ್ನ, ತಾವು ಕುಳಿತ ನೆಲ ಯಾವ ಮೂಲನಿವಾಸಿಗಳದು ಎಂದು ಹೇಳಿ ಸಭೆ ಶುರು ಮಾಡುತ್ತವೆ. ಮೂರು ಮೂಲನಿವಾಸಿ ಸಮುದಾಯಗಳು ಎಂದೂ ಬಿಟ್ಟುಕೊಡದ ನೆಲದ ಮೇಲೆ ತನ್ನ ನಗರ ನಿಂತಿದೆ ಎಂದು ವ್ಯಾಂಕೂವರ್ ನಗರಸಭೆ 2014ರಲ್ಲಿ ಠರಾವನ್ನೇ ಮಾಡಿತು. ಅದರಿಂದ ಒಬ್ಬರ ಖಾತೆಯೂ ಬದಲಾಗಲಿಲ್ಲ. 2025ರ ಆಗಸ್ಟ್‌ನಲ್ಲಿ ಆದದ್ದು ಬೇರೆ. ಪಕ್ಕದ ರಿಚ್ಮಂಡ್ ನಗರದ ಸುಮಾರು 800 ಎಕರೆಯ ಮೇಲೆ ಕೌವಿಚನ್ ಜನರಿಗೆ ಮೂಲನಿವಾಸಿ ಒಡೆತನ ಇದೆ ಎಂದು ಬ್ರಿಟಿಷ್ ಕೊಲಂಬಿಯಾದ ನ್ಯಾಯಾಲಯ ಘೋಷಿಸಿತು. ಆ ನೆಲದಲ್ಲಿ ನಗರಸಭೆ ಮತ್ತು ಕೇಂದ್ರ ಸರ್ಕಾರದ ಹಕ್ಕುಪತ್ರಗಳಲ್ಲಿ ಕೆಲವು ದೋಷಪೂರಿತ ಎಂದಿತು. ಅದೇ ನೆಲದಲ್ಲಿ ದುಡ್ಡು ಕೊಟ್ಟು ಕೊಂಡ ಖಾಸಗಿ ಮಾಲೀಕರಿಗೆ ಆತಂಕ ಹುಟ್ಟಿತು, ಪ್ರಕರಣ ಮೇಲ್ಮನವಿಗೆ ಹೋಯಿತು. ನೆಲ ನಿಮ್ಮದು ಎಂದು ಬಾಯಲ್ಲಿ ಹೇಳುವುದಕ್ಕೂ ನಿಮ್ಮದು ಎಂದು ಬರೆದುಕೊಡುವುದಕ್ಕೂ ಇರುವ ದೂರ ಎಷ್ಟೆಂದು ಆ ದೇಶಕ್ಕೆ ಈಗ ಗೊತ್ತಾಗುತ್ತಿದೆ.

ನೆಲದ ಹಳಬರನ್ನು ನೆನೆಯುವುದು ನಮ್ಮ ಕೊಪ್ಪಳ ಸೀಮೆಗೂ ಹೊಸದಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ನೂರಾರು ಶಿಲಾಸಮಾಧಿಗಳಿವೆ. ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಕೆಲವಕ್ಕೆ ಮುಂದುಗಡೆ ದುಂಡನೆಯ ಕಿಂಡಿ ಕೊರೆದ ಆ ಕಲ್ಮನೆಗಳನ್ನು ಸುತ್ತಲಿನವರು ಮೊರೇರ ಮನೆ ಎನ್ನುತ್ತಾರೆ. ನಮಗಿಂತ ಮುಂಚೆ ಇಲ್ಲಿದ್ದ ಕುಳ್ಳ ಜನ ಆ ಮೊರೇರು ಎಂಬುದು ಊರ ನಂಬಿಕೆ. ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಆ ತಾಣ ಸೇರಿದ್ದು 2021ರಲ್ಲಿ. ಊರವರು ಮೊರೇರನ್ನು ತಮ್ಮ ಲೆಕ್ಕಕ್ಕೆ ಸೇರಿಸಿಕೊಂಡದ್ದು ಎಷ್ಟೋ ತಲೆಮಾರು ಹಿಂದೆ. ಆದರೆ ಮೊರೇರ ಪರವಾಗಿ ತಕರಾರು ಅರ್ಜಿ ಹಿಡಿದು ತಹಶೀಲ್ದಾರ್ ಕಚೇರಿಗೆ ಬರುವ ವಾರಸುದಾರರಿಲ್ಲ. ವಾರಸುದಾರರಿಲ್ಲದವರನ್ನು ನೆನೆಯಲು ಖರ್ಚಿಲ್ಲ. ನೆನಪಿನ ಪ್ರಾಮಾಣಿಕತೆ ಪರೀಕ್ಷೆಗೆ ಬರುವುದು ಮೊಮ್ಮಕ್ಕಳು ಬದುಕಿರುವಾಗ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ಹಗುರಾದುದಲ್ಲ. ಹಿಂದಕ್ಕೆ ಹೋಗುತ್ತಾ ಹೋದರೆ ಎಲ್ಲಿ ನಿಲ್ಲುವುದು? ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ. ಆಮೇಲೆ ಚಾಲುಕ್ಯರು, ವಿಜಯನಗರದವರು ಬಂದರು, ನಿಜಾಮರ ಆಳ್ವಿಕೆಯಾಯಿತು. 1949ರಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳು ರದ್ದಾಗುವವರೆಗೆ ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. ಇಷ್ಟು ಪದರಗಳಿರುವ ನೆಲದಲ್ಲಿ ಮೊದಲು ಬಂದವರು ಯಾರು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸಿಕ್ಕಿದ್ದು ಎಂದು ಹೇಳಿಕೊಳ್ಳುವ ಉತ್ತರ ಬಹುಪಾಲು ಜಗಳಕ್ಕೇ ಬಳಕೆಯಾಗುತ್ತದೆ.

ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು ಎಂಬುದು ನನ್ನ ವಾದ. ಮೊದಲು ಬಂದದ್ದೇ ಹಕ್ಕಲ್ಲ, ಆಮೇಲೆ ಬಂದದ್ದೇ ಅಪರಾಧವೂ ಅಲ್ಲ. ಅನ್ಯಾಯ ಇರುವುದು ಕಿತ್ತುಕೊಂಡ ಕ್ರಿಯೆಯಲ್ಲಿ. ಯಾರ ಕೈಯಿಂದ, ಯಾವ ವರ್ಷ, ಯಾವ ಆದೇಶದಿಂದ ಅಥವಾ ಯಾವ ಮೋಸದಿಂದ ನೆಲ ಹೋಯಿತು, ಅವರ ಮಕ್ಕಳು ಇಂದು ಎಲ್ಲಿದ್ದಾರೆ? ಇವಕ್ಕೆ ಉತ್ತರ ಪುರಾಣದಲ್ಲಿ ಹುಡುಕಬೇಕಾಗಿಲ್ಲ, ಸರ್ಕಾರಿ ಕಡತದಲ್ಲಿ ಸಿಗುತ್ತದೆ. ತುಂಗಭದ್ರಾ ಜಲಾಶಯಕ್ಕೆ ಸುಮಾರು 90 ಹಳ್ಳಿ ಮುಳುಗಿದವು. ಗಂಗಾವತಿಯ ಭತ್ತ ಬೆಳೆಯುವುದು ಆ ಹಳ್ಳಿಗಳ ಮೇಲೆ ನಿಂತ ನೀರಿನಿಂದ. ಅಲ್ಲಿಂದ ಎದ್ದುಹೋದವರು ಮೊರೇರಲ್ಲ, ಅವರ ಮೊಮ್ಮಕ್ಕಳು ಈಗಲೂ ಇದ್ದಾರೆ.

ನಮ್ಮ ಕಾನೂನುಗಳೂ ಸ್ಮರಣೆಯ ಮಾತಾಡುತ್ತವೆ. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಪೀಠಿಕೆಯಲ್ಲೇ ಕಾಡಿನ ಜನರಿಗೆ ಐತಿಹಾಸಿಕ ಅನ್ಯಾಯವಾಗಿದೆ ಎಂದು ಒಪ್ಪುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಹಕ್ಕು ದೊರೆತದ್ದು ಇದರ ಬಲದಿಂದಲೇ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡುವಾಸಿ ಅದೇ ಕಾಯ್ದೆಯಡಿ ಮೂರು ತಲೆಮಾರು, ಅಂದರೆ 75 ವರ್ಷ, ತನ್ನವರು ಅಲ್ಲಿ ನೆಲೆಸಿದ್ದಕ್ಕೆ ಪುರಾವೆ ತರಬೇಕು. ತಪ್ಪಾಗಿದೆ ಎಂದು ಒಪ್ಪಿಕೊಂಡ ಮೇಲೂ ರುಜುವಾತಿನ ಹೊರೆ ಕಳೆದುಕೊಂಡವನ ತಲೆಯ ಮೇಲೆಯೇ.

ಇದಕ್ಕೆ ತದ್ವಿರುದ್ಧವಾದ ಗಟ್ಟಿ ಕಾನೂನು ಒಂದು ಕರ್ನಾಟಕದಲ್ಲಿದೆ. 1979ರ ಜನವರಿ 1ರಿಂದ ಜಾರಿಗೆ ಬಂದ ಅದನ್ನು ಜನ ಪಿಟಿಸಿಎಲ್ ಎಂದೇ ಕರೆಯುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಅಥವಾ ಅನುಮತಿಯಿಲ್ಲದೆ ಕೊಂಡಿದ್ದರೆ ಆ ವ್ಯವಹಾರವೇ ಅಸಿಂಧು. ಉಪವಿಭಾಗಾಧಿಕಾರಿ ಅದನ್ನು ಬಿಡಿಸಿ ಮೂಲ ಮಂಜೂರುದಾರನಿಗೆ ಅಥವಾ ಅವನ ವಾರಸುದಾರರಿಗೆ ಕೊಡಬೇಕು. ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಈ ಕಾಯ್ದೆಯನ್ನು ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್, ಅರ್ಜಿ ಸಮಂಜಸವಾದ ಅವಧಿಯೊಳಗೆ ಬರಬೇಕು ಎಂದಿತು. ಬಾಕಿಯಿದ್ದ ಎಷ್ಟೋ ಪ್ರಕರಣ ಬಿದ್ದುಹೋದವು. ವಿಧಾನಮಂಡಲ 2023ರಲ್ಲಿ ತಿದ್ದುಪಡಿ ತಂದು ಕಾಲಮಿತಿಯ ಅಡ್ಡಿ ತೆಗೆಯಿತು.

ಇನ್ನು ಒಂದು ಹೊಲವನ್ನು ಊಹಿಸಿಕೊಳ್ಳಿ. ಯಲಬುರ್ಗಾ ಸೀಮೆಯಲ್ಲಿ ನಾಲ್ಕು ಎಕರೆ ಮಸಾರಿ, ದಲಿತ ಕುಟುಂಬವೊಂದಕ್ಕೆ ಮಂಜೂರಾದದ್ದು. ಬರದ ವರ್ಷ ಹೊಟ್ಟೆಪಾಡಿಗೆ ಅದು ಊರ ದೊಡ್ಡವರ ಕೈಗೆ ಹೋಯಿತು. ಅವರು 1990ರ ಸುಮಾರಿಗೆ ಇನ್ನೊಬ್ಬ ಸಣ್ಣ ರೈತನಿಗೆ ನೋಂದಣಿ ಮಾಡಿಕೊಟ್ಟರು. ಅವನು ಸಾಲ ತೆಗೆದು ಬೋರು ಹಾಕಿಸಿ ದಾಳಿಂಬೆ ನೆಟ್ಟ. ಈಗ ಮಂಜೂರುದಾರನ ಮೊಮ್ಮಗ ಉಪವಿಭಾಗಾಧಿಕಾರಿಯ (ಎ.ಸಿ.) ಕೋರ್ಟಿಗೆ ಅರ್ಜಿ ಹಾಕಿದ್ದಾನೆ. ಅವನ ಕೇಳಿಕೆ ನ್ಯಾಯ. ದಾಳಿಂಬೆ ರೈತನ ಗೋಳೂ ಸುಳ್ಳಲ್ಲ. ನಡುವೆ ಲಾಭ ಮಾಡಿಕೊಂಡವರು ಈ ಕೋರ್ಟಿನ ಕಟಕಟೆಯಲ್ಲಿ ಇಲ್ಲವೇ ಇಲ್ಲ. ರಿಚ್ಮಂಡಿನ ಮನೆಮಾಲೀಕರೂ ಇದೇ ಇಕ್ಕಟ್ಟಿನಲ್ಲಿದ್ದಾರೆ.

ಈ ಇಬ್ಬರಲ್ಲಿ ಒಬ್ಬರನ್ನು ಆರಿಸಿ ಎನ್ನುವುದು ಸುಲಭದ ದಾರಿ, ಅದೇ ತಪ್ಪು ದಾರಿ ಕೂಡ. ಮಂಜೂರಾದ ಜಮೀನುಗಳ ಪಟ್ಟಿಯನ್ನು ಉಪನೋಂದಣಾಧಿಕಾರಿಗೆ ಕೊಡಬೇಕು, ಪಟ್ಟಿಯಲ್ಲಿರುವುದನ್ನು ನಿಯಮ ಮೀರಿ ಅವರು ನೋಂದಾಯಿಸಬಾರದು ಎಂದು ಪಿಟಿಸಿಎಲ್ ಕಾಯ್ದೆಯಲ್ಲೇ ಇದೆ. ಆಗಬಾರದ ಮಾರಾಟಕ್ಕೆ ಸ್ಟಾಂಪ್ ಶುಲ್ಕ ಪಡೆದು ಮೊಹರು ಒತ್ತಿದ್ದು ಸರ್ಕಾರ. ನೆಲ ಮಂಜೂರುದಾರನ ಕುಟುಂಬಕ್ಕೆ ಮರಳಬೇಕು, ಅದರಲ್ಲಿ ರಾಜಿ ಬೇಡ. ಗೊತ್ತಿಲ್ಲದೆ ಕೊಂಡು ಬೆವರು ಸುರಿಸಿದ ಸಣ್ಣ ರೈತನಿಗೆ ಆಗುವ ನಷ್ಟ ಮಾತ್ರ ಸರ್ಕಾರದ ಬೊಕ್ಕಸದಿಂದ ಬರಬೇಕು. ಅನ್ಯಾಯವನ್ನು ದಾಖಲೆ ಮಾಡಿ ಸಕ್ರಮಗೊಳಿಸಿದವರು ಅದನ್ನು ಸರಿಪಡಿಸುವ ಖರ್ಚನ್ನು ಬಡವರಿಬ್ಬರ ನಡುವೆ ಎಸೆದು ಪಕ್ಕಕ್ಕೆ ಸರಿಯುವಂತಿಲ್ಲ.

ಇಲ್ಲಿಗೆ ಸ್ಮರಣೆಯ ಅಳತೆಗೋಲು ಸಿಗುತ್ತದೆ. ಕಿತ್ತುಕೊಂಡ ಕೃತ್ಯವನ್ನು ಹೆಸರಿಸಬೇಕು, ಬದುಕಿರುವ ವಾರಸುದಾರರನ್ನು ಗುರುತಿಸಬೇಕು, ಬೆಲೆ ತೆರುವವರು ಯಾರೆಂದು ಹೇಳಬೇಕು. ಈ ಮೂರೂ ಇಲ್ಲದಿದ್ದರೆ ಅದು ವೇದಿಕೆಯ ಸೌಜನ್ಯ, ಅಷ್ಟೆ. ಸ್ಮರಣೆ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಕಳೆದುಕೊಂಡದ್ದನ್ನು ಊರು ಬಾಯಿಬಿಟ್ಟು ಒಪ್ಪದಿದ್ದರೆ, ಕೋರ್ಟು ಕೊಟ್ಟ ಹೊಲದಲ್ಲಿ ಕೂರಿಗೆ ಹೂಡಲೂ ಆ ಮೊಮ್ಮಗ ಅಂಜಬೇಕಾಗುತ್ತದೆ. ಒಪ್ಪಿಗೆ ಊರಿನಲ್ಲಿ ಬೇಕು, ಹಕ್ಕು ಕಾಗದದಲ್ಲಿ ಬೇಕು.

ಪಹಣಿಯ 11ನೇ ಕಾಲಂ ಇತರೆ ಹಕ್ಕು ಮತ್ತು ಋಣಗಳಿಗೆ ಮೀಸಲು. ಬ್ಯಾಂಕಿನ ಬೆಳೆಸಾಲ ಅಲ್ಲಿ ತಪ್ಪದೆ ಏರುತ್ತದೆ. ಮಂಜೂರಾದ ಜಮೀನಿನ ಪರಭಾರೆ ನಿಷೇಧವೂ ಪ್ರತಿ ಪಹಣಿಯಲ್ಲಿ ಅಷ್ಟೇ ಶಿಸ್ತಿನಿಂದ ಏರಲಿ. ನಮ್ಮ ಹಳ್ಳಿಯಲ್ಲಿ ಯಾವ ಸರ್ವೆ ನಂಬರು ಯಾರಿಗೆ ಮಂಜೂರಾಗಿತ್ತು, ಇಂದು ಯಾರ ಕೈಯಲ್ಲಿದೆ ಎಂಬ ಪಟ್ಟಿಯನ್ನು ಪಂಚಾಯಿತಿ ಕಚೇರಿಯ ಗೋಡೆಗೆ ಹಚ್ಚಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ.