ಕಣ್ಣಿನ ಲೆಕ್ಕ



ಅಂಧ ಸಹಾಬಿ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಜ್ಞಾನ ಅರಸಿ ಬಂದಾಗ ಪ್ರವಾದಿವರ್ಯರು(ಸ) ಕುರೈಶ್ ನಾಯಕರೊಂದಿಗೆ ಮಾತಿನಲ್ಲಿದ್ದರು. ಅವರತ್ತ ಗಮನ ಹರಿಯದ್ದಕ್ಕೆ ಅಲ್ಲಾಹನು 80ನೇ ಅಧ್ಯಾಯ 'ಅಬಸ'ದಲ್ಲಿ ಎಚ್ಚರಿಸಿದನು. ಮುಂದೆ ಅವರೇ ಮದೀನಾದಲ್ಲಿ ಅಝಾನ್ ಕೊಟ್ಟರು, ಇಮಾಮರಾದರು. ಅಂಧತ್ವ ಯಾವ ಹೊಣೆಗೂ ಅಡ್ಡಿಯಾಗಲಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಬಾಂಧವರೇ, ನೆರೆಯ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ನೋಡಿರಿ. ಸ್ವತಃ ಅಂಧರಾದ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಅನ್ನ, ಸಂಗೀತವಿದ್ಯೆ ಕೊಟ್ಟು ಸ್ವಂತ ಕಾಲ ಮೇಲೆ ನಿಲ್ಲಿಸಿದರು. ನಾವು?

ಕಣ್ಣಿಗೆ ಪೊರೆ ಬಂದ ಅಜ್ಜಿಯನ್ನು 'ವಯಸ್ಸಾಯಿತು' ಎಂದು ಮೂಲೆಯಲ್ಲಿ ಕೂರಿಸುತ್ತೇವೆ. ಸಣ್ಣ ಶಸ್ತ್ರಚಿಕಿತ್ಸೆಯಿಂದ ಆಕೆಗೆ ದೃಷ್ಟಿ ಮರಳಬಹುದು. ಮಂದದೃಷ್ಟಿಯ ಮಗುವನ್ನು ಶಾಲೆ ಬಿಡಿಸುತ್ತೇವೆ. ಬರುವ ಜುಮುಆದಂದು ನಿಮ್ಮ ಮೊಹಲ್ಲಾದ ಅಂಥವರ ಪಟ್ಟಿ ಮಾಡಿರಿ. ಅಜ್ಜಿಯನ್ನು ಆಸ್ಪತ್ರೆಗೆ, ಮಗುವನ್ನು ಶಾಲೆಗೆ ಕೈಹಿಡಿದು ಕರೆದೊಯ್ಯಿರಿ. ಕಣ್ಣು ಕೊಟ್ಟವನು ಅದರ ಲೆಕ್ಕವನ್ನೂ ಕೇಳುವನು.