ಯಾರ ಪೈಕಿ?

ಕೊಡಗಿನ ಕೌಟುಂಬಿಕ ಹಾಕಿ ಹಬ್ಬ ಗೊತ್ತಲ್ಲ? 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ್ದು. ಆಗ ಆಡಿದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್‌ಗೆ 360 ತಂಡ ಬಂದು ಗಿನ್ನೆಸ್ ದಾಖಲೆಯಾಯ್ತು, ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ಗೆ 396. ಪ್ರತಿ ಸಲ ಒಂದು ಮನೆತನದ ಆತಿಥ್ಯ, ಕಪ್ಪಿಗೂ ಅವರದೇ ಹೆಸರು. ತಂಡ ಸೇರೋಕೆ ಆಟಕ್ಕಿಂತ ಮೊದಲು ಬೇಕಾದದ್ದು ಒಕ್ಕದ ಹೆಸರು. ದೇಶಕ್ಕೆ ಆಡಿ ಬಂದವನ ಪಕ್ಕ ಹೈಸ್ಕೂಲ್ ಹುಡುಗಿ, ಅವಳ ಪಕ್ಕ ಹೊಟ್ಟೆ ಬಂದ ಚಿಕ್ಕಪ್ಪ.

ನನಗೆ ಇದು ಚಂದ ಅನಿಸುತ್ತೆ, ಜೊತೆಗೆ ಸ್ವಲ್ಪ ಅಳುಕೂ ಆಗುತ್ತೆ. ಚಂದ ಯಾಕೆ ಅಂದ್ರೆ ಚಿಕ್ಕಪ್ಪ ಸುಲಭದ ಗೋಲು ತಪ್ಪಿಸಿದರೂ ಮುಂದಿನ ವರ್ಷವೂ ಅವನು ಆ ಮನೆಯವನೇ. ಬೆಂಗಳೂರಿನ ನಮ್ಮ ಆಫೀಸುಗಳಲ್ಲೂ 'ನಾವೆಲ್ಲ ಒಂದೇ ಫ್ಯಾಮಿಲಿ' ಅಂತಾರಲ್ಲ, ಅದರ ತಮಾಷೆ ಇರೋದು ಇಲ್ಲೇ. ಅಪ್ರೈಸಲ್ಲಿನಲ್ಲಿ ಕೆಳಗೆ ಬಿದ್ದವರಿಗೆ ಹತ್ತು ನಿಮಿಷದ ವಿಡಿಯೋ ಕಾಲ್, ಸಂಜೆಯೊಳಗೆ ಲ್ಯಾಪ್‌ಟಾಪ್ ವಾಪಸ್. ಅದು ತಂಡ. ತಂಡ ಆಗಿರೋದರಲ್ಲಿ ತಪ್ಪೇನಿಲ್ಲ, ಆದರೆ ಕುಟುಂಬದ ಹೆಸರನ್ನು ಯಾಕೆ ಸಾಲ ತಗೋಬೇಕು?

ಅಳುಕು ಏನಂದ್ರೆ, ಯಾರನ್ನೂ ಹೊರಗೆ ಹಾಕದ ಮನೆ ಹೊರಗಿನವರನ್ನು ಒಳಗೂ ಬಿಟ್ಟುಕೊಳ್ಳೋದಿಲ್ಲ. ಅದೇ ಊರಲ್ಲಿ ಹುಟ್ಟಿ, ಅದೇ ಮೈದಾನದಲ್ಲಿ ಕಲಿತ ಬೇರೆಯವರ ಮಗ ಎಷ್ಟೇ ಚೆನ್ನಾಗಿ ಆಡಲಿ, ಆ ಜೆರ್ಸಿ ಅವನದಲ್ಲ. ಹಬ್ಬದ ಮಟ್ಟಿಗೆ ಇದು ಸರಿ. ದೂರ ಚದುರಿದ ನೆಂಟರನ್ನು ಒಂದೆಡೆ ತರೋಕೆ ಅಂತಲೇ ಹುಟ್ಟಿದ್ದು ಅದು. ಆದರೆ ನಮ್ಮ ಕಡೆ ಇದೇ ತರ್ಕ ಬೇರೆ ರೂಪದಲ್ಲಿ ಬರುತ್ತೆ. ಇಳಕಲ್ಲಿನಲ್ಲಿ, ಹುನಗುಂದದಲ್ಲಿ ಹೊಸಬರು ಕಂಡರೆ ಹಿರಿಯರು ಕೇಳೋ ಮೊದಲ ಪ್ರಶ್ನೆ, "ನೀವು ಯಾರ ಪೈಕಿ?" ಪ್ರೀತಿಯಿಂದಲೇ ಕೇಳ್ತಾರೆ. ಉತ್ತರದ ಮೇಲೆ ಚಹಾ ಒಳಗೆ ಸಿಗುತ್ತೋ ಕಟ್ಟೆ ಮೇಲೋ ಅನ್ನೋದು ತೀರ್ಮಾನ ಆಗೋದೂ ಉಂಟು.

ನಮ್ಮಲ್ಲಿ ಅಡ್ಡಹೆಸರು ಊರಿಂದ ಬಂದಿರುತ್ತೆ: ಬಾದಾಮಿ, ಹುನಗುಂದ, ಬಾಗಲಕೋಟಿ. ಇಲ್ಲಾಂದ್ರೆ ಸಂತೆಯಿಂದ: ಮೆಣಸಿನಕಾಯಿ, ಉಳ್ಳಾಗಡ್ಡಿ. ಒಂದೇ ಅಡ್ಡಹೆಸರಿನವರು ಎಷ್ಟೋ ಜಾತಿಯಲ್ಲಿ ಇದ್ದಾರೆ. ಉಳ್ಳಾಗಡ್ಡಿ ಕಪ್ ಅಂತ ಮಾಡಿದರೆ ಒಂದೇ ತಂಡದಲ್ಲಿ ಯಾರ್ಯಾರು ಸೇರ್ತಾರೋ! ನಾನಂತೂ ನೋಡೋಕೆ ಹೋಗ್ತೀನಿ.

ಟೆನಿಸ್ ಬಾಲ್ ಕ್ರಿಕೆಟ್‌ಗೆ ನಮ್ಮ ತಂಡ ಅಂದ್ರೆ ಓಣಿ. "ಯಾವ ಓಣ್ಯಾಂವಲೇ?" ಅಂದಾಗ ಹೇಳೋಕೆ ಬಾಡಿಗೆ ಮನೆಯೂ ಸಾಕು. ಮೂರು ತಿಂಗಳ ಹಿಂದೆ ವರ್ಗವಾಗಿ ಬಂದ ಗುಮಾಸ್ತರ ಮಗನೂ ನಮ್ಮವನೇ, ಬೌಲಿಂಗ್ ಬಂದ್ರಂತೂ ಇನ್ನೂ ನಮ್ಮವನು. ಹಾಗಂತ ಓಣಿ ಎಲ್ಲರದೂ ಅನ್ನೋ ಹಾಗಿಲ್ಲ, ಎಷ್ಟೋ ಓಣಿಗಳ ಹೆಸರೇ ಜಾತಿಯ ಹೆಸರು.

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ಓಣಿಗಳು ಮುಳುಗಿದಾಗ ಜನ ನವನಗರಕ್ಕೆ ಬಂದರು. ಅಲ್ಲಿ ಓಣಿ ಇಲ್ಲ, ನಂಬರ್ ಹಾಕಿದ ಸೆಕ್ಟರ್. ನಿವೇಶನ ಸಿಕ್ಕ ಕಡೆ ಮನೆ, ಪಕ್ಕದಲ್ಲಿ ಯಾರೋ. ಹಿರಿಯರಿಗೆ ಅದು ಇನ್ನೂ ನೋವು, ಆ ನೋವನ್ನು ಹಗುರ ಮಾಡೋ ಹಕ್ಕು ನನಗಿಲ್ಲ. ಆದರೆ ಆ ಸೆಕ್ಟರುಗಳಲ್ಲೇ ಹುಟ್ಟಿದ ಹುಡುಗರಿಗೆ ಸೆಕ್ಟರೇ ತಂಡ.

2025ರಲ್ಲಿ ಮಹಿಳೆಯರ ಐಸ್ ಹಾಕಿ ಏಷ್ಯಾ ಕಪ್‌ನಲ್ಲಿ ಭಾರತ ಕಂಚು ಗೆದ್ದಿತು. ತಂಡದಲ್ಲಿ ಹೆಚ್ಚಿನವರು ಲಡಾಖಿನವರು, ಯಾಕಂದ್ರೆ ಅಲ್ಲಿ ಕೆರೆ ಹೆಪ್ಪುಗಟ್ಟುತ್ತೆ. ಅಲ್ಲಿ ಆಯ್ಕೆ ಮಾಡಿದ್ದು ಚಳಿ. ಒಕ್ಕ, ಓಣಿ, ಚಳಿ, ಅಪ್ರೈಸಲ್: ಇವುಗಳಲ್ಲಿ ಯಾವುದು ನ್ಯಾಯ ಅಂತ ಕೇಳಿದರೆ, ಚೆನ್ನಾಗಿ ಆಡೋನಿಗೆ ಜಾಗ ಕೊಡೋದೇ ನ್ಯಾಯ ಅಂತೀನಿ. ಆದರೆ ಕೆಲಸ ಹೋದ ದಿನ ನಾನು ಫೋನ್ ಮಾಡೋದು, ನಾನು ಹೇಗೆ ಆಡ್ತೀನಿ ಅಂತ ಲೆಕ್ಕ ಇಡದವರಿಗೆ. ಆ ನಂಬರ್ ನನ್ನ ಫೋನಲ್ಲಿ ಇದೆ. ಯಾರ ಪೈಕಿಯೂ ಅಲ್ಲದವನು, ಇದೇ ಊರಿಗೆ ನಿನ್ನೆ ಬಂದವನು, ಯಾರಿಗೆ ಮಾಡಬೇಕು?